ಮಡಿ ಕೆಡಿಸಿದವಳು

ಬರ್ಕತ್‌ಪುರ, ಹೈದರಾಬಾದ್
೧೬ ನವೆಂಬರ್ ೧೯೮೯

ಪ್ರೀತಿಯ ಕೃಷ್ಣಾ ಅತ್ತೆಗೆ,

ಮೊದಲು ನಮಸ್ಕಾರ, ಜಗಳ ಆಮೇಲೆ. ಆರು ವರ್ಷದ ಮೇಲೆ ನಿಮ್ಮ ಶಾಮಲಾ ಬರೆಯುತ್ತಿದ್ದಾಳೆ. ಟಪಾಲಿಗೆ ಹಾಕಿದರೆ ಜಯತೀರ್ಥ ಮಾವ ಒಡೆದು ಓದುತ್ತಾರೆ. ಅದಕ್ಕೇ ಮಹಿಳಾ ಮಂಡಳಿಯ ಶಿವದೇವಿಯವರ ಕೈಯಲ್ಲಿ ಕಳಿಸಿದ್ದೇನೆ. ಅರಿಶಿನ-ಕುಂಕುಮಕ್ಕೆಂದು ಬರುತ್ತಾರೆ.

ಚಿಕ್ಕಡಪಲ್ಲಿಯ ನಿಮ್ಮ ಮನೆಯಲ್ಲಿದ್ದು ನಾನು ಪಾಲಿಟೆಕ್ನಿಕ್ಕಿಗೆ ಹೋಗುತ್ತಿದ್ದಾಗಲೇ ಅಲ್ಲವೇ, ಜಯತೀರ್ಥ ಮಾವ ನನ್ನನ್ನು ತಮ್ಮನಾದ ನರಸಿಂಹ ಮಾವನಿಗೆ ಕೊಡುವುದೆಂದು ನಿಶ್ಚಯಿಸಿದ್ದು? ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ರಾಯಚೂರಿನಿಂದ ಅವ್ವನೂ ತನ್ನಣ್ಣನ ಮಾತಿಗೆ ಹೂಂ ಅಂದಳು. ಓದು ಅಲ್ಲಿಗೇ ಸಾಕೆಂದರು. ನನಗಿದು ಬೇಡ ಎಂದು ನಾನು ಹೇಳಿದ್ದು ನಿಮ್ಮೊಬ್ಬರಿಗೇ, ಅಕ್ಕಿ ಆರಿಸುತ್ತ ಕೂತಾಗ. ನೀವು ತಲೆ ಕೂಡ ಎತ್ತಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ಎಂದುಕೊಂಡೆ.

ಹದಿನೈದು ದಿನಕ್ಕೆ ನೀವು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಿರಿ: "ಹೊರಗಾದದ್ದು ಮುಚ್ಚಿಟ್ಟು ದೇವರ ಅಡಿಗೀಗೆ ಕೈ ಹಚ್ಚ್ಯಾಳ! ನನ್ನ ಮಡಿ ಕೆಡಿಸಿದಾಕಿ ಈ ಮನ್ಯಾಗ ಇರೂದು ಬ್ಯಾಡ!" ಶುದ್ಧ ಸುಳ್ಳು. ಆದರೆ ಹೆಂಗಸರ ಮುಟ್ಟಿನ ಮಾತನ್ನು ನಮ್ಮ ಮನೆಯ ಯಾವ ಗಂಡಸು ವಿಚಾರಿಸುತ್ತಾನೆ? ಮಾವ ಜಪಮಾಲೆ ಹಿಡಿದು ಒಳಗೆ ಹೋದರು. ಇಂಥವಳು ತನಗೆ ಬೇಡವೆಂದು ನರಸಿಂಹ ಮಾವ ಅಲ್ಲೇ ಅಂದರು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನನ್ನ ಟ್ರಂಕು ರಿಕ್ಷಾದಲ್ಲಿತ್ತು. ನೀವು ಕೈಗೆ ತುರುಕಿದ ಚೀಟಿಯಲ್ಲಿ ಶಿವದೇವಿಯವರ ಮಹಿಳಾ ಮಂಡಳಿಯ ವಿಳಾಸ. ಹರಿದು ಬಿಸಾಡಬೇಕು ಅನಿಸಿತು. ಆದರೆ ರಾಯಚೂರಿಗೆ ಹೋದರೆ ಅವ್ವ ಮರುದಿನವೇ ಕರೆತಂದು ನಿಮ್ಮೆಲ್ಲರ ಕಾಲಿಗೆ ಬೀಳಿಸುತ್ತಿದ್ದಳು. ಬೇರೆ ದಾರಿ ಇರಲಿಲ್ಲ.

ಶಿವದೇವಿಯವರ ಹತ್ತಿರ ನನ್ನನ್ನು ಇಟ್ಟುಕೊಳ್ಳಲು ಕೋಣೆ ಇರಲಿಲ್ಲ, ಒಂದು ಮೇಜಿತ್ತು ಅಷ್ಟೇ. ಮೂರು ಚೀಟಿ ಬರೆದರು: ನಾರಾಯಣಗೂಡದ ಹಾಸ್ಟೆಲಿಗೊಂದು, ಫೀ ಮಾಫಿಗಾಗಿ ಪ್ರಿನ್ಸಿಪಾಲರಿಗೊಂದು, ಅನ್ನವೇ ಸೇರುತ್ತಿರಲಿಲ್ಲವಲ್ಲ, ಡಾಕ್ಟರಮ್ಮನಿಗೊಂದು. "ಬರೇ ಚೀಟಿ ಕೊಟ್ಟು ಕಳಿಸಿದ್ರ ಹುಡುಗ್ಯಾರು ದಾರ್ಯಾಗ ಕಳೀತಾರವ್ವ" ಎಂದು ಮೂರೂ ಕಡೆ ಬಸ್ಸಿನಲ್ಲಿ ತಾವೇ ಜೊತೆಗೆ ಬಂದರು. ಹಾಸ್ಟೆಲಿನಲ್ಲಿ ನನಗೆಂದು ಆಗಲೇ ಹಾಸಿಗೆ ಹಾಸಿತ್ತು. ಎಷ್ಟು ಚುರುಕಿನ ಜನ ಎಂದುಕೊಂಡೆ, ಪೆದ್ದಿ!

ಈಗ ನನಗೆ ನೌಕರಿ ಇದೆ. ಗುರುವಾರ ಮಧ್ಯಾಹ್ನ ರಜೆ ಹಾಕಿ ಆ ಮೇಜಿಗೆ ನಾನು ಕೂರುತ್ತೇನೆ. ಬಾಡಿಗೆ ಮನೆಯವರು ಹೊರಗಟ್ಟಿದ ಟೈಪಿಸ್ಟ್, ಮಲತಾಯಿಗೆ ಹೆದರಿ ಬಂದವಳು, ಹೀಗೆ ಯಾರಾದರೂ ಬರುತ್ತಾರೆ. ಚೀಟಿ ಬರೆಯುತ್ತೇನೆ, ಜೊತೆಗೆ ಬಸ್ಸು ಹತ್ತುತ್ತೇನೆ. ಹೋದ ವಾರ ಹಳೆಯ ರಿಜಿಸ್ಟರಿನಲ್ಲಿ ನನ್ನದೇ ಹೆಸರು ಸಿಕ್ಕಿತು. ತಾರೀಖು ಮಾತ್ರ ನೀವು ನನ್ನನ್ನು ಹೊರಹಾಕುವುದಕ್ಕೆ ಎಂಟು ದಿನ ಮೊದಲಿನದು! ಪಕ್ಕದಲ್ಲಿ ಬರೆದಿತ್ತು: "ಹುಡುಗಿಗೆ ಗೊತ್ತಿಲ್ಲ. ಮಾವನ ಹೆಂಡತಿ ಕೃಷ್ಣಾಬಾಯಿ ಬಂದು ಜಾಗ ಗೊತ್ತು ಮಾಡಿದ್ದಾರೆ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದಾರೆ."

ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹುಡುಗಿಯನ್ನು ಬೀದಿಗೆ ತಳ್ಳಿದವಳೆಂದು ಮಠದ ಊಟದ ಪಂಕ್ತಿಯಲ್ಲಿ ನಮ್ಮವರೇ ನಿಮ್ಮ ಪಕ್ಕ ಕೂರದೆ ಎದ್ದುಹೋದರೆಂದು ಕೇಳಿದಾಗ, ಹಾಗೇ ಆಗಬೇಕು ಎಂದು ಸಂತೋಷಪಟ್ಟವಳು ನಾನು. ನಿಮ್ಮ ಹೊಸ್ತಿಲು ತುಳಿಯುವುದಿಲ್ಲವೆಂದು ಅವ್ವ ಶಪಥ ಮಾಡಿದಾಗಲೂ ತಡೆಯಲಿಲ್ಲ. ಇಷ್ಟು ವರ್ಷ ಎಲ್ಲರ ಬೈಗುಳ ತಿಂದೂ ನೀವು ಬಾಯಿ ಬಿಡಲಿಲ್ಲ. ಒಂದು ಮಾತಾದರೂ ಹೇಳಬಾರದಿತ್ತೇ? ಇದೇ ನನ್ನ ಜಗಳ. ಉಳಿದದ್ದೆಲ್ಲ ಬರೀ ಕೃತಜ್ಞತೆ, ಅತ್ತೆ. ನನ್ನ ಓದು, ನನ್ನ ಸಂಬಳ, ನನ್ನ ಬಾಗಿಲಿನ ಬೀಗದ ಕೈ ಎಲ್ಲವೂ ನೀವು ಕೊಟ್ಟದ್ದು.

ಅವ್ವ ನಿನ್ನೆ ನನ್ನಲ್ಲಿಗೆ ಬಂದಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಮಾವನ ಕಿವಿಗೆ ಬಿದ್ದರೆ ಆ ಮನೆಯಲ್ಲಿ ಬಾಳಬೇಕಾದವರು ನೀವು. ನಿಮ್ಮ ಅಪ್ಪಣೆಯಿಲ್ಲದೆ ತುಟಿ ಬಿಚ್ಚುವುದಿಲ್ಲ.

ನೀವು ಬೈದು ಬದುಕಿಸಿದ,
ಶಾಮಲಾ

ತಾ.ಕ.: ಅಪ್ಪಣೆಗೆ ಕಾಯುವ ಭಾಗ್ಯ ಇರಲಿಲ್ಲ. ನಾನು ಚಹಾಕ್ಕೆ ಎದ್ದಾಗ ಅವ್ವ ಇದನ್ನು ಪೂರಾ ಓದಿಬಿಟ್ಟಳು, ಮಾವನ ತಂಗಿಯಲ್ಲವೇ! ಆಮೇಲೆ ಪೆನ್ನು ಕಸಿದುಕೊಂಡಳು. ಕೆಳಗಿನದು ಅವಳ ಅಕ್ಷರ.

ವೈನಿ, ನಾ ಹಡದೆ, ನೀವು ಉಳಿಸಿದ್ರಿ. ನಾಳೆ ನಿಮ್ಮ ಮನೀಗೆ ಬರ್ತೀನಿ. ಅಣ್ಣನ ಮುಂದೇ ನಿಮ್ಮ ಕಾಲು ಹಿಡೀತೀನಿ. ಯಾಕ ಅಂತ ಅಂವ ಕೇಳಿದ್ರ ನೀವು ಸುಮ್ಮನಿರ್ರಿ. ಈ ಸಲ ಸುಳ್ಳು ಹೇಳೂ ಪಾಳಿ ನಂದು.