ಟ್ಯಾಂಕ್ ತೊಳೆಯುವ ದಿನದ ಮಳೆ

ವಾರಿಜಕ್ಕಾ,

ನೀವಿರುವಲ್ಲಿಗೆ ಟಪಾಲು ಬರುತ್ತದೋ ಇಲ್ಲವೋ, ಇದನ್ನು ನಿಮಗೆ ಹೇಳದೆ ನನ್ನ ಮನಸ್ಸು ನಿಲ್ಲುತ್ತಿಲ್ಲ. ಬುಧವಾರ ಶಾಲೆಯ ತಾರಸಿಯ ನೀರಿನ ಟ್ಯಾಂಕ್ ತೊಳೆಯುತ್ತಾರಂತೆ. ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಈ ವರ್ಷ ಮಳೆಗಿಳೆ ಏನೂ ಬೇಡ, ಪಾಠ ಓದಿಸಿ, ಪ್ರಶ್ನೋತ್ತರ ಬರೆಸಿ ಮುಗಿಸಿ ಎಂದರು. ನನ್ನ ಕಾಂಟ್ರಾಕ್ಟ್ ಮುಂದಿನ ತಿಂಗಳು ರಿನ್ಯೂ ಆಗಬೇಕೆಂಬುದನ್ನೂ ನೆನಪಿಸಿದರು, ನಗುನಗುತ್ತಲೇ. ನೀವಾಗಿದ್ದರೆ ಆ ನಗುವಿಗೆ ಏನು ಉತ್ತರ ಕೊಡುತ್ತಿದ್ದಿರಿ?

ನಾನು ಬಹರೈನಿಗೆ ಬಂದ ಹೊಸತರಲ್ಲಿ, ಈಸಾ ಟೌನಿನ ಈ ಶಾಲೆಯ ಎರಡನೇ ಕ್ಲಾಸಿಗೆ ಮಳೆಗಾಲದ ಪಾಠ ಮಾಡಿದ್ದು ನೆನಪಿದೆಯಾ? ಜೂನಿನಲ್ಲಿ ಮಳೆ ಬರುತ್ತದೆ, ಹೊಳೆ ತುಂಬುತ್ತದೆ, ಕಪ್ಪೆ ಕೂಗುತ್ತದೆ ಎಂದು ಊರಿನ ಪುಸ್ತಕವನ್ನು ಓದುತ್ತಾ ಹೋದೆ. ಹೊರಗೆ ಸೆಪ್ಟೆಂಬರಿನ ಬಿಸಿಲು, ಸ್ಕೂಲ್ ಬಸ್ಸಿನ ಸೀಟು ಮುಟ್ಟಿದರೆ ಕೈ ಸುಡುತ್ತಿತ್ತು. ಮಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಒಬ್ಬಳು ಎದ್ದು ನಿಂತು, ಎಸಿಯ ಹಿಂದಿನಿಂದ ಎಂದಳು. ಅರ್ಧ ಕ್ಲಾಸು ಹೌದೆಂದು ತಲೆಯಾಡಿಸಿತು. ಸ್ಟಾಫ್ ರೂಮಿಗೆ ಬಂದು ನಾನು ಹೊಟ್ಟೆ ಹಿಡಿದು ನಕ್ಕೆ. ನೀವು ನಗಲಿಲ್ಲ.

"ನೋಡಿದ್ದನ್ನು ಹೇಳಿದ್ದಾಳೆ ಮಾರಾಯ್ತಿ. ನೋಡದ್ದನ್ನು ನಾವು ತೋರಿಸುವ," ಎಂದಿರಿ.

ವರ್ಷಕ್ಕೊಮ್ಮೆ ತೊಳೆಯುವ ಮೊದಲು ಟ್ಯಾಂಕಿನ ಹಳೇ ನೀರು ಹೇಗೂ ಚರಂಡಿಗೆ ಹೋಗುವುದು. ನೀವು ಅದಕ್ಕೆ ಪೈಪು ಸಿಕ್ಕಿಸಿ, ತುದಿಗೆ ತೂತು ಮಾಡಿದ ಡಬ್ಬ ಕಟ್ಟಿ, ತಾರಸಿಯ ಮೋಟುಗೋಡೆಯ ಹಿಂದೆ ಅಡಗಿ ಕೂತಿರಿ. ಕೆಳಗೆ ಅಂಗಳದಲ್ಲಿ ಮಕ್ಕಳು, ಕೊಡೆಗಳು, ಒಂದು ತಗಡಿನ ಶೀಟು, ಕಾಗದದ ದೋಣಿಗಳು. ಮೊದಲು ನಾಲ್ಕು ಹನಿ ಮಾತ್ರ. ಮಣ್ಣು ಮೂಸಿ ನೋಡಿ, ಕಣ್ಣು ಮುಚ್ಚಿ ತಗಡಿನ ಸದ್ದು ಕೇಳಿ ಎಂದು ಹೇಳುವುದು ನನ್ನ ಕೆಲಸ. ಮಕ್ಕಳು ಕೇಳದೆ ನೀವು ನೀರು ಹೆಚ್ಚಿಸುತ್ತಲೇ ಇರಲಿಲ್ಲ. ಅವರು ಮುಖ ಮೇಲೆತ್ತಿ, "ಇನ್ನೂ ಜೋರು, ವಾರಿಜಾ ಮಿಸ್!" ಎಂದು ಕೂಗಬೇಕು, ಆಮೇಲೆಯೇ ಮಳೆ. ಮರುದಿನ ಅಂಗಳದ ನೀರು ಎಲ್ಲಿ ಹೋಯಿತು, ದೋಣಿ ಯಾಕೆ ಮುಳುಗಿತು ಎಂದು ಅವರೇ ಪೀಡಿಸುತ್ತಿದ್ದರು. ಆ ಪೀಡೆಯಲ್ಲೇ ಪಾಠ ಮುಗಿದುಹೋಗುತ್ತಿತ್ತು.

ಹೋದ ವರ್ಷ ಆ ಮಳೆಯಲ್ಲಿ ನೆನೆದ ಅಂಕಿತಾಳಿಗೆ ಜ್ವರ ಬಂತು. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿರುವ ಅವಳ ತಾಯಿ ನೇರ ಆಫೀಸಿಗೆ ಬಂದು ದೂರು ಕೊಟ್ಟರು. ಇನ್ನು ಮುಂದೆ ಇಂಥದ್ದು ಕೂಡದು ಎಂದು ಆ ತಾಯಿ ನಿಮ್ಮನ್ನು ನಿಲ್ಲಿಸಿಯೇ ಮಾತಾಡಿದರಂತೆ. ನೀವು ಹೊರಗೆ ಬಂದು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಚಾ ಕುಡಿಯುವನಾ ಎಂದಿರಿ. ಅಷ್ಟೇ. ಒಂದು ಮಾತು ಬೈಯಬಾರದಿತ್ತಾ ವಾರಿಜಕ್ಕಾ? ಆಮೇಲೆ ಕಾಯಿಲೆ. ಬೇಸಿಗೆ ರಜೆಗೆ ಉಡುಪಿಗೆ ಹೋದವರು ಆಸ್ಪತ್ರೆಯಿಂದ ಹೊರಗೆ ಬರಲೇ ಇಲ್ಲ. ಆ ಅವಮಾನವೇ ನಿಮ್ಮನ್ನು ಒಳಗೊಳಗೇ ತಿಂದಿತೋ, ಇಲ್ಲಾ... ಗೊತ್ತಿಲ್ಲ. ಗೊತ್ತಾಗದೇ ಇರುವುದೇ ನನಗೆ ಹಿಂಸೆ.

ಮೀನಾ ಸಲ್ಮಾನ್ ಬಂದರಿನಲ್ಲಿ ನಮ್ಮವರ ವರ್ಕ್‌ಶಾಪಿಗೆ ಈಗ ಕೆಲಸವೇ ಸರಿಯಾಗಿ ಬರುತ್ತಿಲ್ಲ. ಮನೆ ನಡೆಯುವುದು ನನ್ನ ಸಂಬಳದಲ್ಲಿ. ಹೆಡ್‌ಮಿಸ್ಟ್ರೆಸ್ ಹೇಳಿದ್ದನ್ನು ಫೋನಿನಲ್ಲಿ ತಿಳಿಸಿದರೆ, ನಿನಗೆ ಯಾಕೆ ಬೇಡದ ಉಸಾಬರಿ ಎಂದರು. ತಪ್ಪೇನೂ ಅಲ್ಲ. ನಾನೂ ಬಿಟ್ಟುಬಿಡುವುದೆಂದೇ ಇದ್ದೆ.

ಮಧ್ಯಾಹ್ನ ಗೇಟಿನ ಹತ್ತಿರ ಅಂಕಿತಾಳ ತಾಯಿ ಸಿಕ್ಕಿದರು. ಅವರ ಎರಡನೆಯ ಮಗಳು ಈಗ ನನ್ನ ಕ್ಲಾಸು. ಈ ಸಲದ ಮಳೆ ಯಾವತ್ತು ಟೀಚರ್ ಎಂದು ಕೇಳಬೇಕೇ! ನನಗೆ ಮೈಯೆಲ್ಲ ಉರಿಯಿತು. ನಿಲ್ಲಿಸಿದ್ದೇ ನೀವಲ್ಲವಾ ಎಂದುಬಿಟ್ಟೆ. ಅವರು ತಪ್ಪಾಯಿತು ಎನ್ನಲಿಲ್ಲ.

"ನಾನೂ ಬರ್ತೇನೆ ಟೀಚರ್. ಎಲ್ಲರಿಗೂ ಟವೆಲ್ ತರ್ತೇನೆ," ಎಂದರು. ಆಮೇಲೆ ಊರಿನ ಒಂದು ಸಂಗತಿ ಹೇಳಿದರು. ಅದನ್ನು ಕೇಳಿಯೂ ಪುಸ್ತಕ ಓದಿಸಿ ಮುಗಿಸುವುದು ನನ್ನಿಂದ ಆಗುವುದಿಲ್ಲ. ಕಾಂಟ್ರಾಕ್ಟ್ ಉಳಿಯುತ್ತದೋ ಹೋಗುತ್ತದೋ ಹೇಳಲಾರೆ. ಆದರೂ ಬುಧವಾರ ತಾರಸಿಯಲ್ಲಿ ಆ ಪೈಪು ನನ್ನ ಕೈಯಲ್ಲಿರುತ್ತದೆ.

ಅವರು ಹೇಳಿದ್ದು ಇಷ್ಟೇ. ಜುಲೈಯಲ್ಲಿ ಅವರೂ ಊರಿನಲ್ಲಿದ್ದರು, ನೀವು ಆಸ್ಪತ್ರೆಯಲ್ಲಿ ಮಲಗಿದ್ದ ಅದೇ ದಿನಗಳಲ್ಲಿ. ಒಂದು ಸಂಜೆ ಮಳೆ ಹನಿಯತೊಡಗಿದಾಗ ಎಲ್ಲರೂ ಒಳಗೆ ಓಡಿದರಂತೆ. ಅಂಕಿತಾ ಮಾತ್ರ ಅಂಗಳದಲ್ಲೇ ನಿಂತು, ಆಕಾಶದತ್ತ ಮುಖವೆತ್ತಿ ಕೂಗಿದಳಂತೆ: "ಇನ್ನೂ ಜೋರು, ವಾರಿಜಾ ಮಿಸ್!"