ಖಾನಾವಳಿಯ ದಾಕ್ಷಾಯಣಿಯವರಿಗೆ, ನಿಮ್ಮ ಎದೆಬಡಿತ ಕೇಳಿದವಳಿಂದ

ಜೂನ್ ೩೪, ೨೨೬೮

ದಾಕ್ಷಾಯಣಿಯವರಿಗೆ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ತಿಂಗಳುಗಳನ್ನೂ ಉದ್ದ ಮಾಡಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಿವಿಯಿಂದ ಕಲಿತವಳು. ಮಾತು ಎಲ್ಲಾದರೂ ತೊಡರಿದರೆ ಕ್ಷಮಿಸಿ. ನನ್ನ ಹೆಸರು ಇರವಂತಿ. ನಿಮ್ಮ ಮಗಳು ಭಾಗ್ಯಶ್ರೀಯ ವಂಶದವಳು, ನಿಮಗೆ ಒಂಬತ್ತನೆಯ ತಲೆಮಾರು.

ನಾನಿಲ್ಲಿ ಆಲಿಸುಗಾರ್ತಿ. ಅಂದರೆ ನಿಮ್ಮ ಕಾಲದವರು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಗಳು ಹಿಡಿದಿಟ್ಟ ನಾಡಿಯನ್ನೂ ಸುತ್ತಲಿನ ಮಾತನ್ನೂ ಕೇಳಿ ಬರೆದಿಡುವವಳು. ನೆಲದಡಿ, ಉಪ್ಪಿನ ಗೋಡೆಯ ಕೋಣೆಯಲ್ಲಿ ಕೂರುತ್ತೇವೆ. ಅಲ್ಲಿ ಬೇರೆ ಸದ್ದೇ ಇಲ್ಲ. ಸತ್ತವರ ಬಡಿತ ಕೇಳುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ನಮ್ಮ ನಾಡಿಯೂ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಅದಕ್ಕೇ ಒಬ್ಬರನ್ನು ಒಂದೇ ಗಂಟೆ ಕೇಳಬೇಕೆಂಬ ನಿಯಮ. ನಿಮ್ಮನ್ನು ನಾನು ಹದಿನಾಲ್ಕು ತಿಂಗಳು ಕೇಳಿದೆ.

ಗದಗಿನ ನಿಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು, ಅದರ ಕೆಳಗೆ ನಿಮ್ಮ ಎದೆ. ಡಾಕ್ಟರ್ ಫರ್ಜಾನಾ ನಿಮ್ಮ ಬಿ.ಪಿ. ನೂರಾ ಎಪ್ಪತ್ತು, ತೂಕ ತೊಂಬತ್ತೆರಡು ಎಂದ ದಿನ ನೀವು ನಕ್ಕಿದ್ದು ಕೇಳಿಸಿತು. "ನನಗೇನೂ ತ್ರಾಸ ಇಲ್ಲರಿ ಡಾಕ್ಟರ್."

"ಈಗ ಗೊತ್ತಾಗಂಗಿಲ್ಲ ಅಮ್ಮಾ. ಬಿ.ಪಿ. ಏರಿದ್ರ ಹೃದಯದ ಮ್ಯಾಲಿನ ಕೋಣಿ ಹಿಗ್ಗತಾವು. ತೂಕಾನೂ ಅದಕ್ಕ ಭಾರ ಆಗತೈತಿ. ಆಮ್ಯಾಲೆ ಬಡಿತ ದಿಕ್ಕು ತಪ್ಪತೈತಿ. ಗುಳಿಗಿ ಬಿಡಬ್ಯಾಡ್ರಿ."

ಇಪ್ಪತ್ತು ದಿನ ನುಂಗಿ ನಿಲ್ಲಿಸಿಬಿಟ್ಟಿರಿ. ಆರು ತಿಂಗಳ ನಂತರ ಒಲೆಯ ಮುಂದೆ ಅದು ಮೊದಲ ಸಲ ಬಂತು. ಎರಡು ಬಡಿತ, ಒಂದು ಖಾಲಿ ಜಾಗ, ಆಮೇಲೆ ಗುಂಪಾಗಿ ಓಡುವ ಸಣ್ಣ ಕಾಲುಗಳಂಥ ಸದ್ದು. ಹನ್ನೊಂದು ನಿಮಿಷ. "ಪಿತ್ತ ಆಗೇತಿ, ಒಂದು ಸೋಡಾ ತಾ" ಎಂದಿರಿ. ಕತ್ತಲ ಕೋಣೆಯಲ್ಲಿ ನಾನು ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಗೋಡೆಗೆ ಹೇಳುತ್ತಿದ್ದೆ. ನನ್ನ ಮಣಿಕಟ್ಟು ಮುಟ್ಟಿ ನೋಡಿಕೊಂಡರೆ ಅಲ್ಲೂ ಅದೇ ಖಾಲಿ ಜಾಗ. ಈ ತಿಂಗಳು ನಿಮಗೆ ನಾಲ್ಕು ಸಲ ಬಂದಿದೆ. ಮಗಳಿಗೆ ನೀವು ಹೇಳಿಲ್ಲ.

ಮುಂದಿನದು ನಿಮಗಿನ್ನೂ ಆಗಿಲ್ಲ, ನಾನು ಕೇಳಿ ಮುಗಿಸಿದ್ದೇನೆ. ಇನ್ನು ಹದಿನೆಂಟು ದಿನಕ್ಕೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬಡಿತದ ಆ ಗಲಿಬಿಲಿಯಲ್ಲಿ ಹೆಪ್ಪುಗಟ್ಟಿದ ಒಂದು ಹನಿ ರಕ್ತ ಮಿದುಳಿಗೆ ಏರಿತು. ನೀವು ಭಾಗ್ಯಶ್ರೀಯನ್ನು ಕರೆಯಲು ಹೋದಿರಿ. ಅವಳ ಹೆಸರು ಹೆಸರಾಗಿ ಹೊರಡಲಿಲ್ಲ. ಮತ್ತೆ ಒಂಬತ್ತು ವರ್ಷ ಬದುಕಿದಿರಿ. ಒಂದು ಮಾತೂ ಆಡಲಿಲ್ಲ. ಸೋತ ಬಲಗೈ ಆಡಿಸುವ ವ್ಯಾಯಾಮ ಕಲಿಸಲು ಮಹಾಂತೇಶ ಎಂಬ ಹುಡುಗ ಮನೆಗೆ ಬರತೊಡಗಿದ. ಭಾಗ್ಯಶ್ರೀ ಅವನನ್ನು ಮದುವೆಯಾದಳು. ನಾವು ಅವರಿಂದ ಬಂದವರು.

ಆಲಿಸುಗಾರರಿಗೆ ಜೀವಮಾನದಲ್ಲಿ ಒಮ್ಮೆ ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಅನುಮತಿಯಿದೆ. ಬಹಳ ಜನ ಬಳಸುವುದಿಲ್ಲ. ನಾನು ಕೆಳಗೆ ಬರೆಯುವ ಮಾತು ನೀವು ನಡೆಸಿಕೊಟ್ಟರೆ ಮಹಾಂತೇಶ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ, ನಾವು ಹುಟ್ಟುವುದಿಲ್ಲ. ನನಗೊಬ್ಬ ತಂಗಿಯಿದ್ದಾಳೆ. ಅವಳನ್ನು ಕೇಳದೆ ಬರೆಯಲು ಮನಸ್ಸಾಗಲಿಲ್ಲ. ನಿಮ್ಮ ಆ ಮಧ್ಯಾಹ್ನವನ್ನು ಅವಳಿಗೂ ಕೇಳಿಸಿದೆ. ಆಮೇಲೆ, "ಅವರು ಮಗಳನ್ನ ಕರೀಲಿ ಅಕ್ಕಾ, ಕಳಿಸು" ಅಂದಳು.

ನಾಳೆ ಖಾನಾವಳಿಯ ಬಾಗಿಲು ತೆಗೆಯಬೇಡಿ. ಭಾಗ್ಯಶ್ರೀಯ ಜೊತೆ ಡಾಕ್ಟರ ಹತ್ತಿರ ಹೋಗಿ, ಎದೆ ಹೇಗೆ ಓಡುತ್ತದೆಂದು ಮುಚ್ಚಿಡದೆ ಹೇಳಿ. ಇಸಿಜಿ ಮಾಡಿಸಿ. ಅವರು ಕೊಟ್ಟದ್ದನ್ನು ಬಿಡದೆ ನುಂಗಿ, ತೂಕ ನಿಧಾನವಾಗಿ ಇಳಿಯಲಿ. ನಮ್ಮ ಬಗ್ಗೆ ಯೋಚಿಸಬೇಡಿ. ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ನಾನು, ತಂಗಿ ಇಬ್ಬರೂ ಉಪ್ಪಿನ ಕೋಣೆಯಲ್ಲಿ ಕೈ ಹಿಡಿದುಕೊಂಡು ಕೂತಿರುತ್ತೇವೆ.