ಮ್ಯಾಗ್ನೆಟ್ ಪಕ್ಕದ ಟೇಪು

ಮೂಡಿಗೆರೆ,
22 ಜೂನ್ 2008, ಭಾನುವಾರ

ಪ್ರೀತಿಯ ಪುಟ್ಟಿ ರಶ್ಮಿಗೆ ನಿನ್ನ ಅಜ್ಜನ ಆಶೀರ್ವಾದ.

ಹೇಗಿದ್ದೀಯೆ? ಹುಬ್ಬಳ್ಳಿಯ ಧೂಳಿಗೆ ನಿನಗೆ ಸೀನು ಹೆಚ್ಚಾಗಿದೆಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಬ್ಯಾಂಕುಗಳ ಏಸಿ ಕೋಣೆಯಲ್ಲಿ ಕಂಪ್ಯೂಟರಿನ ಟೇಪ್ ಯಂತ್ರ ರಿಪೇರಿ ಮಾಡುವಾಗ ತಲೆಗೆ ಒಂದು ಬಟ್ಟೆಯನ್ನಾದರೂ ಕಟ್ಟಿಕೋ. ನಿನ್ನ ಅಜ್ಜಿ ಗಟ್ಟಿಯಾಗಿದ್ದಾಳೆ, ಮಂಡಿನೋವು ಬಿಟ್ಟರೆ. ಏಪ್ರಿಲ್‌ನಲ್ಲಿ ನೀನು ಊಟ ಮಾಡದೆ ಹೊರಟುಹೋದಾಗಿನಿಂದ ಅವಳು ನನಗೆ ಹೊತ್ತಿಗೆ ಸರಿಯಾಗಿ ಕಾಫಿ ಕೊಡುತ್ತಾಳೆ, ಮಾತು ಮಾತ್ರ ಕೊಡುವುದಿಲ್ಲ.

ಮೊನ್ನೆ ಒಂದು ಸಂಗತಿ ನಡೆಯಿತು. ಮಳೆ ಹಿಡಿದ ಮೇಲೆ ನನ್ನ ವಚನಗಾಯನದ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿತು. ನಮ್ಮ ಬೆಳೆಗಾರರ ಸಂಘದ ಆಫೀಸಿನ ಬೀರು ನಿನಗೆ ಗೊತ್ತಲ್ಲ, ಥಂಡಿ ಹೊಡೆಯಬಾರದೆಂದು ಒಳಗೆ ಸದಾ ಬಲ್ಬು ಉರಿಸುತ್ತೇವೆ. ಅಧ್ಯಕ್ಷ ನಾನೇ, ಬೀಗದ ಕೈಯೂ ನನ್ನ ಹತ್ತಿರವೇ. ಕ್ಯಾಸೆಟ್‌ಗಳನ್ನು ಅಲ್ಲಿಟ್ಟೆ. ಕೆಲವು ದಿನ ಬಿಟ್ಟು ಮನೆಗೆ ತಂದು ಹಾಕಿದರೆ ಹಾಡೇ ಇಲ್ಲ, ಸಾಸಿವೆ ಸಿಡಿದ ಹಾಗೆ ಬರೀ ಚರಚರ. ಟೇಪ್ ರೆಕಾರ್ಡರ್ ಕೆಟ್ಟಿತೆಂದು ಬೈದೆ. ನಿನ್ನ ಅಜ್ಜಿ ಬಂದು ಮನೆಯಲ್ಲೇ ಇದ್ದ ತನ್ನ ಕ್ಯಾಸೆಟ್ ಹಾಕಿದಳು, ಅದು ಚೆನ್ನಾಗಿಯೇ ಹಾಡಿತು. ಆಗ ಬೀರುವಿನಲ್ಲಿದ್ದ ಬಟ್ಟೆಯ ಗಂಟು ನೆನಪಾಯಿತು.

ಆ ಗಂಟಿನಲ್ಲಿರುವುದು ಕಾಫಿ ಸಿಪ್ಪೆ ಸುಲಿಯುವ ನಮ್ಮ ಹಲ್ಲರಿನ ಮ್ಯಾಗ್ನೆಟ್. ಕಾಫಿ ಬೀಜದ ಜೊತೆ ಬಂದ ಮೊಳೆ, ತಂತಿಚೂರುಗಳನ್ನು ಹಿಡಿದು ಯಂತ್ರವನ್ನು ಕಾಯುವುದು ಅದೇ. ಮಾರ್ಚ್‌ನಲ್ಲಿ ಹಲ್ಲರ್ ನಿಲ್ಲಿಸಿದ ದಿನ ಅದನ್ನು ಬಿಚ್ಚಿ, ಎಣ್ಣೆ ಸವರಿ, ವಿಭೂತಿ ಹಚ್ಚಿ ಅಧ್ಯಕ್ಷರ ಬೀರುವಿನಲ್ಲಿಡುವುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಈ ಸಲ ನೀನು ಕೊಟ್ಟಿದ್ದ, ಸಂಘದ ಲೆಕ್ಕದ ನಕಲಿರುವ ಟೇಪನ್ನೂ ಆ ಗಂಟಿಗೆ ಒತ್ತಿಯೇ ಇಟ್ಟೆ. ಬೆಲೆಯುಳ್ಳದ್ದೆಲ್ಲ ಒಂದೇ ಕಡೆ ಇರಲಿ ಎಂದು.

ಹೋದ ವರ್ಷ ಆಫೀಸಿನ ಕಂಪ್ಯೂಟರಿಗೆ ಆ ಟೇಪಿನ ಯಂತ್ರ ಕೂಡಿಸಲು ಬಂದಾಗ ನೀನು ಜಗಲಿಯಲ್ಲಿ ಕೂತು ಎಷ್ಟೆಲ್ಲ ಹೇಳಿದ್ದೆ. ಮೊದಲು ಟೇಪು ಊಟದ ತಟ್ಟೆಯಷ್ಟು ದೊಡ್ಡ ಗಾಲಿಗೆ ಸುತ್ತಿ ಬಯಲಾಗಿಯೇ ಇರುತ್ತಿತ್ತಂತೆ. ಹೊಲಿಗೆ ಯಂತ್ರಕ್ಕೆ ನೂಲು ಪೋಣಿಸುವ ಹಾಗೆ ಅದನ್ನು ಕೈಯಿಂದಲೇ ಪೋಣಿಸಬೇಕಿತ್ತು, ಬೆರಳು ತಾಗಿದರೂ ಧೂಳು ಬಿದ್ದರೂ ಕೆಡುತ್ತಿತ್ತು. ಆಮೇಲೆ ಯಾರೋ ಅದನ್ನು ಅಂಗೈಯಗಲದ ಡಬ್ಬಿಯೊಳಗೆ ಹಾಕಿ ಮುಚ್ಚಿದರು. ಡಬ್ಬಿಯಲ್ಲಿ ಒಂದೇ ಗಾಲಿ, ಇನ್ನೊಂದು ಯಂತ್ರದ ಹೊಟ್ಟೆಯಲ್ಲಿ. ತುದಿಯನ್ನು ಯಂತ್ರವೇ ಎಳೆದುಕೊಳ್ಳುತ್ತದೆ. ಒಬ್ಬೊಬ್ಬ ಕಂಪನಿಯವನದು ಒಂದೊಂದು ಅಳತೆ, ಇವನದು ಅವನಿಗೆ ಹಿಡಿಸದು. ಕೊನೆಗೆ ಮೂರು ಕಂಪನಿಗಳು ಕೂತು ಒಂದೇ ಅಳತೆಗೆ ಒಪ್ಪಿದವೆಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ನಮ್ಮ ಸಂಘದವರು ಗೋಣಿಚೀಲದ ಅಳತೆಗೇ ಇನ್ನೂ ಒಪ್ಪಿಲ್ಲ. ಹೊಸ ಯಂತ್ರ ಎರಡು ತಲೆಮಾರು ಹಿಂದಿನ ಟೇಪನ್ನೂ ಓದುತ್ತದೆ, ಆದರೆ ಅದರ ಮೇಲೆ ಬರೆಯುವುದಿಲ್ಲ ಎಂದೂ ನೀನು ಹೇಳಿದ್ದೆ. ಮ್ಯಾಗ್ನೆಟ್ ತಾಗಿದರೆ ಟೇಪಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆಂಬ ಮಾತನ್ನೂ ಹೇಳಿದ್ದೆಯೋ ಏನೋ. ನಾನು ಆಗ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ.

ಏಪ್ರಿಲ್‌ನಲ್ಲಿ ಸಿಡಿಲು ಬಡಿದು ಆಫೀಸಿನ ಕಂಪ್ಯೂಟರ್ ಸುಟ್ಟಿತು. ಯಾರ ಕಾಫಿ ಎಷ್ಟು ಬಂದಿದೆ, ಯಾವ ರಾಶಿಗೆ ಸೇರಿದೆ, ಎಲ್ಲ ಅದರಲ್ಲೇ. ಹೆದರಬೇಡಿ, ಟೇಪಿನಲ್ಲಿದೆ ಎಂದು ನೀನು ರಾತ್ರಿ ಬಸ್ಸು ಹತ್ತಿ ಬಂದೆ. ಸದಸ್ಯರೆಲ್ಲ ನೋಡುತ್ತಿದ್ದಂತೆ ನೀನೇ ಬೀರು ತೆಗೆದೆ, ಗಂಟನ್ನು ಬಿಚ್ಚಿ ನೋಡಿದೆ, ಮತ್ತೆ ಕಟ್ಟಿದೆ. ಇವಳಿಗೇಕೆ ಊರ ಉಸಾಬರಿ ಅಂದುಕೊಂಡೆ ನಾನು. ಟೇಪಿನಲ್ಲಿ ಏನೂ ಇರಲಿಲ್ಲ. ಸಂಘದ ಓಂಕಾರಮೂರ್ತಿ ನನ್ನ ಮುಖ ನೋಡಿ, "ಏನ್ ಅಧ್ಯಕ್ಷರೇ, ಮೊಮ್ಮಗಳ ಕೆಲ್ಸ ಇದೇನಾ?" ಅಂದ. ನಾನು ಬಾಯಿ ತೆರೆಯುವ ಮುಂಚೆಯೇ ನೀನು, "ನಂದೇ ತಪ್ಪು, ನಾನು ಸರಿಯಾಗಿ ನೋಡ್ಕೊಳ್ಲಿಲ್ಲ" ಅಂದುಬಿಟ್ಟೆ. ಅದಕ್ಕೆ ನಾನೇನಂದೆ? "ಸ್ಕ್ರೂಡ್ರೈವರ್ ಹಿಡ್ದೋರೆಲ್ಲ ಇಂಜಿನಿಯರ್ ಆಗ್ತಾರಾ?" ಅಂದೆ. ನಾಲ್ಕು ಜನ ನಕ್ಕರು. ನಾನೂ ನಕ್ಕೆ.

ಪುಟ್ಟಿ, ನಿನಗೆ ಆಗಲೇ ಗೊತ್ತಿತ್ತು. ಎಪ್ಪತ್ತು ದಾಟಿದ ಅಜ್ಜನ ಮರ್ಯಾದೆ ಸಭೆಯಲ್ಲಿ ಹೋಗಬಾರದೆಂದು ನಿನ್ನದನ್ನು ಕಳೆದುಕೊಂಡೆ. ನನಗೆ ನಾಚಿಕೆಯಾಗುತ್ತಿದೆ. ಟೇಪು ಕೆಟ್ಟದ್ದು ತಿಳಿಗೇಡಿತನದಿಂದ, ಅದನ್ನು ಯಾರಾದರೂ ಕ್ಷಮಿಸಬಹುದು. ನಾನು ನಕ್ಕಿದ್ದಕ್ಕೆ ಏನು ಹೇಳಲಿ? ಕನ್ನಡಿ ಮುಂದೆ ನಿಂತು ವಿಭೂತಿ ಹಚ್ಚಿಕೊಳ್ಳಲೂ ಮನಸ್ಸಾಗುವುದಿಲ್ಲ. ಈ ಮನೆಗೆ ನೀನು ಇನ್ನು ಬರುವುದಿಲ್ಲವೇನೋ ಎಂಬ ಹೆದರಿಕೆಯಲ್ಲೇ ದಿನ ಹೋಗುತ್ತಿದೆ.

ನಿನ್ನ ಅಜ್ಜಿಯ ಆಶೀರ್ವಾದ ಇದರೊಳಗಿದೆ. ಅಷ್ಟನ್ನು ಬರೆಯಲು ಮಾತ್ರ ಅಪ್ಪಣೆ ಸಿಕ್ಕಿದೆ. ಹೊತ್ತಿಗೆ ಉಣ್ಣು, ಮೈ ಬೆಚ್ಚಗೆ ನೋಡಿಕೋ.

ನಿನ್ನ ಅಜ್ಜ,
ಶಾಂತವೀರಪ್ಪ

ಮರೆತಿದ್ದೆ: ಈ ಕಾಗದ ತಂದ ಬಸವರಾಜು ನಮ್ಮ ಹಲ್ಲರ್ ನಡೆಸುವವನು. ಅವನ ಕೈಯಲ್ಲಿರುವ ಪೊಟ್ಟಣದಲ್ಲಿ ನೀನು ಮೊದಲು ಕೂಡಿಸಿದ್ದ ಹಳೇ ಯಂತ್ರದ ಟೇಪಿದೆ. ಕೆಲಸಕ್ಕೆ ಬಾರದ್ದೆಂದು ಅಜ್ಜಿಯ ಹೊಲಿಗೆ ಯಂತ್ರ ಅಲುಗದಂತೆ ಅದರ ಕಾಲಡಿ ಇಟ್ಟಿದ್ದೆ, ಮೂಲೆ ಸ್ವಲ್ಪ ಬಿರುಕು ಬಿಟ್ಟಿದೆ. ಹಿಂದಿನ ವರ್ಷಗಳ ಲೆಕ್ಕವಾದರೂ ಸಿಕ್ಕರೆ ಓದಿ, ಅವನ ಕೈಯಲ್ಲೇ ವಾಪಸ್ ಕಳಿಸು. ಸ್ಪೀಕರಿನೊಳಗೂ ಮ್ಯಾಗ್ನೆಟ್ ಇರುತ್ತದಂತೆ, ಬಸ್ಸಿನಲ್ಲಿ ಅದರ ಪಕ್ಕ ಕೂರಬೇಡವೆಂದು ಅವನಿಗೆ ಹೇಳಿದ್ದೇನೆ. ಈಗಷ್ಟೇ ಸಂಘದ ಸಭೆ ಮುಗಿಸಿ ಬಂದೆ. ಆ ಗಂಟನ್ನು ಮೇಜಿನ ಮೇಲೆ ಬಿಚ್ಚಿಟ್ಟು ಎಲ್ಲರ ಮುಂದೆ ಎಲ್ಲವನ್ನೂ ಹೇಳಿದೆ. ಓಂಕಾರಮೂರ್ತಿ ಕೂಡ ನಗಲಿಲ್ಲ. ಹಾಗಾಗಿ ಟೇಪಿಗೆಂದು, ಸಂಘಕ್ಕೆಂದು ನೀನು ಇಲ್ಲಿಗೆ ಬರಬೇಕಾಗಿಲ್ಲ. ಇಲ್ಲಿ ನಿನಗೆ ಇನ್ನು ಯಾವ ಕೆಲಸವೂ ಇಲ್ಲ. ಸುಮ್ಮನೆ ಬಾ.